ಮೈಲೂರ ಕ್ರಾಸಿನ ಶ್ರದ್ಧಾಂಜಲಿ ಫಲಕಗಳು: ಒಂದು ಶಾಸನಶಾಸ್ತ್ರೀಯ ಅಧ್ಯಯನ

ಪೀಠಿಕೆ

ಸತ್ತವರನ್ನು ನೆನೆಯುವ ವಿದ್ಯೆಯಲ್ಲಿ ಬೀದರ ಹಳೆಯ ಹುಲಿ. ಊರ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅದರಲ್ಲಿ ಅಹ್ಮದ್ ಶಾ ವಲಿಯ ಗೋರಿಗೆ ಈಗಲೂ ಉರುಸು ನಡೆಯುತ್ತದೆ. ಅಲ್ಲಮಪ್ರಭುವೇ ಇವನೆಂದು ನಂಬಿ ಲಿಂಗಾಯತರೂ ನಡೆದುಕೊಳ್ಳುತ್ತಾರೆ. ಬಹಮನಿಗಳ ಬಳಿಕ ಆಳಿದ ಅಲಿ ಬರೀದ್ ಶಾನದು ಇನ್ನೂ ಮುಂದಾಲೋಚನೆ. ಜೀವ ಇರುವಾಗಲೇ ತನ್ನ ಗೋರಿ ತಾನೇ ಕಟ್ಟಿಸಿಟ್ಟ. ಹಿಂದೆ ಉಳಿಯುವವರ ಮೇಲೆ ಅವನಿಗೆ ಅಷ್ಟು ಭರವಸೆ. ಈ ಕಲ್ಲಿನ ಸ್ಮಾರಕಗಳ ಕುರಿತು ಗುಲಾಮ್ ಯಜ್ದಾನಿಯವರ ದಪ್ಪ ಗ್ರಂಥ 1947ರಲ್ಲೇ ಬಂದಿದೆ. ಪ್ಲಾಸ್ಟಿಕ್ ಸ್ಮಾರಕಗಳ ಕಡೆ ಮಾತ್ರ ವಿದ್ವಾಂಸರ ಕಣ್ಣು ಬಿದ್ದಿಲ್ಲ. ಆ ಕೊರತೆ ನೀಗಿಸುವ ವಿನಮ್ರ ಯತ್ನವಿದು.

ಅಧ್ಯಯನದ ವ್ಯಾಪ್ತಿ: ಮೈಲೂರ ಕ್ರಾಸಿನ ಲೈಟಿನ ಕಂಬದಿಂದ ಎದುರಿನ ಚಹಾದಂಗಡಿಯ ಬಾಕಿನ ತನಕ. ಕಾಲಘಟ್ಟ: ಈಚಿನ ಕೆಲವು ವರ್ಷ. ವಸ್ತು: ಸಿನಿಮಾ, ಸಂಗೀತ, ನಾಟಕ ಮತ್ತು ಆಟದ ಮೈದಾನದ ಮೃತರು. ಧನಸಹಾಯ: ಸದರಿ ಚಹಾದಂಗಡಿಯ ಉದ್ರಿ ಖಾತೆ.

ಅಧ್ಯಾಯ 1: ಫಲಕದ ಶಿಲ್ಪ

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಶ್ರದ್ಧಾಂಜಲಿ ಫ್ಲೆಕ್ಸಿನಲ್ಲೂ ಮೂರೇ. ಮೇಲಿನ ಪಟ್ಟಿಕೆಯಲ್ಲಿ ದುಂಡು ದುಂಡಾದ ಚೌಕಟ್ಟುಗಳೊಳಗೆ ಪಕ್ಷದ ನಾಯಕರು. ಶಿವನ ಜಾಗ ಇವರಿಗೆ ಸಂದಿದೆ. ನಡುವೆ ಮೃತ ಕಲಾವಿದ, ಅಕ್ಕಪಕ್ಕ ಉರಿಯುವ ಎರಡು ದೀಪ, ಹಾರುವ ಒಂದು ಪಾರಿವಾಳ. ಕೆಳಗೆ ಸಾಲುಸಾಲಾಗಿ ಶೋಕಿಸುವವರು. 2021ರ ಅಕ್ಟೋಬರ್ 29ರಂದು ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಕಟ್ಟಿದ ಒಂದು ಫಲಕದಲ್ಲಿ ಕೆಳಸಾಲಿನ ಎಡತುದಿಯ ಯುವಕ ಕಪ್ಪು ಕನ್ನಡಕ ಹಾಕಿ, ಬುಲೆಟ್ ಗಾಡಿಯ ಮೇಲೆ ಕೂತು, ಕಿವಿಗೆ ಮೊಬೈಲ್ ಹಚ್ಚಿಕೊಂಡು ದುಃಖಿಸುತ್ತಿದ್ದ. ‘ಮತ್ತೆ ಹುಟ್ಟಿ ಬಾ’ ಎಂಬ ಕರೆ ಎಲ್ಲ ಫಲಕಗಳಲ್ಲೂ ಇದೆ. ಎಲ್ಲಿಗೆ ಬರಬೇಕು ಎಂಬ ವಿಳಾಸ ಯಾವುದರಲ್ಲೂ ಇಲ್ಲ.

ಫಲಕ ರೂಪುಗೊಳ್ಳುವ ಬಗೆ ತಿಳಿಯಲು ಮುದ್ರಣದಂಗಡಿಯಲ್ಲಿ ಹೊಂಚು ಹಾಕಿ ದಾಖಲಿಸಿಕೊಂಡ ಸಂವಾದವಿದು.

“ಕಾಕಾ, ಅಪ್ಪು ಸರ್ ಫೋಟೋ ಜರಾ ಸಣ್ಣ ಮಾಡ್ರಿ. ನಮ್ಮ ಹುಡುಗರ ಮುಖ ಇನ್ನಾ ಎಂಟು ಕೂಡಸೋದದ.”

“ಸಣ್ಣ ಮಾಡ್ತೀನಿ ತಮ್ಮಾ. ಖರೆ, ಸತ್ತೋರು ಯಾರು ಅಂತ ಜನಕ್ಕ ಗೊತ್ತಾಗಬೇಕಲ್ಲ?”

ಇದರಿಂದ ಮೊದಲ ಪ್ರಮೇಯ ಸಿದ್ಧಿಸುತ್ತದೆ: ಶೋಕಿಸುವವರ ಸಂಖ್ಯೆ ಏರಿದಂತೆ ಮೃತರ ಅಳತೆ ಇಳಿಯುತ್ತದೆ. ಊರಿಗೆ ಊರೇ ದುಃಖಿಸಿದರೆ ಮೃತರು ಕಾಣಿಸುವುದೇ ಇಲ್ಲ.

ಕಾನೂನಿನ ಕೋನವೂ ಉಂಟು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ. ಹಾಗಾಗಿ ನಮ್ಮ ಕಾಲದ ಅಭಿಮಾನ ಎಂದರೆ ಹಗಲುಹೊತ್ತಿನಲ್ಲಿ, ನಾಯಕರ ಭಾವಚಿತ್ರ ಸಮೇತ, ಬೈಂಡಿಂಗ್ ತಂತಿ ಬಿಗಿದು ಎಸಗುವ ಉಲ್ಲಂಘನೆ.

ಅಧ್ಯಾಯ 2: ಶೋಕದ ದಿಕ್ಕು ಮತ್ತು ವೇಗ

ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹೈದರಾಬಾದಿಗೆ ಅದರ ಕಾಲುಭಾಗವೂ ಇಲ್ಲ. 1948ರವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯ. ಹೀಗಾಗಿ ಇಲ್ಲಿನವರ ಕಿವಿಗೆ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಮನೆಯ ಮಾತು, ಸೂತಕವೂ ನಾಲ್ಕು ಕಡೆಯಿಂದ ಬರುತ್ತದೆ. 2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದಾಗ ಬಾಕಿನ ಮೇಲೆ ತೆಲುಗಿನವರೂ ಕನ್ನಡದವರೂ ‘ನಮ್ಮವರು’ ಎಂದು ವಾದಕ್ಕಿಳಿದರು. 2022ರ ಫೆಬ್ರವರಿ 6ರಂದು ಲತಾ ಮಂಗೇಶ್ಕರ್ ಹೋದಾಗ ವಾದವೇ ಹುಟ್ಟಲಿಲ್ಲ. ಎಲ್ಲರೂ ಸುಮ್ಮನೆ ಹಾಡು ಕೇಳಿದರು. ಸ್ಮರಣೆಯ ಇತಿಹಾಸದಲ್ಲಿ ಇದು ಅಪರೂಪದ ಪ್ರಕರಣ.

ಇನ್ನು ವೇಗ. ಸ್ಟೇಟಸ್ ಹಾಕುವಲ್ಲಿ ಮೊದಲಿಗನಾಗುವ ಹಂಬಲ ಯಮನಿಗೂ ಕಾಯುವುದಿಲ್ಲ. 2023ರ ಆಗಸ್ಟ್ 23ರಂದು ಜಿಂಬಾಬ್ವೆಯ ಕ್ರಿಕೆಟಿಗ ಹೀತ್ ಸ್ಟ್ರೀಕ್ ತೀರಿಕೊಂಡರೆಂಬ ಸುದ್ದಿ ಜಗತ್ತನ್ನೇ ಸುತ್ತಿತು; ತಾನಿನ್ನೂ ಬದುಕಿದ್ದೇನೆಂದು ಅವರೇ ತಿಳಿಸಬೇಕಾಯಿತು. ನಿಜವಾಗಿ ತೀರಿಕೊಂಡದ್ದು ಸೆಪ್ಟೆಂಬರ್ 3ರಂದು. 2025ರ ನವೆಂಬರ್ 11ರಂದು ಟಿವಿ ವಾಹಿನಿಗಳು ನಟ ಧರ್ಮೇಂದ್ರರನ್ನು ಸಾಯಿಸಿದವು, ಮನೆಯವರು ಬದುಕಿಸಿದರು. ಕಾಲ ಬಂದದ್ದು 24ರಂದು. ಇಂಥವರಿಗೆ ಎರಡು ಬಾರಿ ಶ್ರದ್ಧಾಂಜಲಿ ಸಲ್ಲುತ್ತದೆ. ಎರಡನೆಯ ಸಲ ಹೊಸದಾಗಿ ಬರೆಯುವ ತ್ರಾಸಿಲ್ಲ, ಹಳೆಯದನ್ನೇ ಫಾರ್ವರ್ಡ್ ಮಾಡಿದರಾಯಿತು. ಕ್ರಿಕೆಟಿಗ ಶೇನ್ ವಾರ್ನ್ ಅವರದು ಬೇರೆಯೇ ವರ್ಗ. 2022ರ ಮಾರ್ಚ್ 4ರಂದು ರಾಡ್ ಮಾರ್ಷ್ ನಿಧನಕ್ಕೆ ಸಂತಾಪ ಬರೆದರು. ಅದೇ ದಿನ ಮುಗಿಯುವುದರೊಳಗೆ 52ರ ವಯಸ್ಸಿನಲ್ಲಿ ಅವರಿಗೇ ಲೋಕ ಸಂತಾಪ ಬರೆಯಿತು. ಸಂತಾಪ ಸೂಚಿಸುವವರ ಸಾಲಿನಲ್ಲಿ ನಾವೂ ನಿಂತಿದ್ದೇವೆ, ಸಾಲು ಮುಂದೆ ಸರಿಯುತ್ತಲೇ ಇದೆ ಎಂಬುದು ಎರಡನೆಯ ಪ್ರಮೇಯ. ಇದನ್ನು ಬಾಕಿನ ಮೇಲೆ ಮಂಡಿಸಿದಾಗ ಇಬ್ಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಅಧ್ಯಾಯ 3: ಫಲಕದ ಮರಣೋತ್ತರ ಜೀವನ

ಕಲ್ಲಿನ ಶಾಸನ ‘ಸೂರ್ಯಚಂದ್ರರಿರುವ ತನಕ’ ಎನ್ನುತ್ತದೆ. ಫ್ಲೆಕ್ಸಿನ ಆಯುಷ್ಯ ಮುಂದಿನ ನಾಯಕರ ಹುಟ್ಟುಹಬ್ಬದ ತನಕ. ಅಂದು ರಾತ್ರಿ ತಂತಿ ಬಿಚ್ಚಿದರೆ ಚೌಕಟ್ಟಿನ ಕಟ್ಟಿಗೆ ಒಬ್ಬರ ಪಾಲು, ಬಟ್ಟೆ ಇನ್ನೊಬ್ಬರ ಪಾಲು. ಬೀದರ ಜಿಲ್ಲೆಯಲ್ಲಿ ಸೋಯಾ, ತೊಗರಿ ರಾಶಿಯ ಹೊತ್ತಿಗೆ ಮಳೆ ಹಣಿಕಿಕ್ಕುವುದುಂಟು. ಆಗ ಕಣದಲ್ಲಿ ನೋಡಬೇಕು: ರಾಶಿಯ ಮೇಲೆ ಮಗುಚಿ ಹಾಸಿದ ಫ್ಲೆಕ್ಸು, ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಗಾಳಿಗೆ ಅಂಚು ಎದ್ದಾಗ ಒಳಗಿನಿಂದ ಇಣುಕುವ ನಗುಮುಖ. ನಾಯಕರು, ನಟ, ಶೋಕಿಸುವವರು ಮೂವರೂ ಸರಿಸಮವಾಗಿ ಮಳೆ ತಡೆಯುತ್ತಾರೆ. ಫಲಕವೊಂದು ಊರಿಗೆ ಉಪಕಾರ ಮಾಡುವುದು ಈ ಅವಸ್ಥೆಯಲ್ಲಿ ಮಾತ್ರ.

ಅಧ್ಯಾಯ 4: ಪ್ರಮೇಯಕ್ಕೆ ಬಗ್ಗದ ಅಪವಾದಗಳು

ನಟ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಕೊಂಡರು, 35 ವರ್ಷ. ಆಮೇಲೆ ಹುಟ್ಟಿದ ಆಟೋ ಚಾಲಕರೂ ಅವರ ಚಿತ್ರ ಅಂಟಿಸಿಕೊಂಡು ಓಡಾಡುತ್ತಾರೆ. ಅಲ್ಲಿ ಚಾಲಕನ ಫೋಟೋ ಇರುವುದಿಲ್ಲ, ನಾಯಕರೂ ಇರುವುದಿಲ್ಲ. ನಮ್ಮ ಮೊದಲ ಪ್ರಮೇಯ ಇಲ್ಲಿ ಮುರಿದುಬೀಳುತ್ತದೆ.

ರಾಜು ತಾಳಿಕೋಟೆ 2025ರ ಅಕ್ಟೋಬರ್ 13ರಂದು ಹೋದರು. ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು; ಅದಕ್ಕೂ ಮುಂಚೆ ‘ಕಲಿಯುಗದ ಕುಡುಕ’ನಾಗಿ ಕ್ಯಾಸೆಟ್ಟಿನಲ್ಲಿ ಉತ್ತರ ಕರ್ನಾಟಕದ ಮನೆಮನೆ ಹೊಕ್ಕಿದ್ದರು. ಅವರಿಗೆ ಕ್ರಾಸಿನಲ್ಲಿ ಫ್ಲೆಕ್ಸು ಕಾಣಲಿಲ್ಲ. ಬಾಕಿನ ಮೇಲೆ ಕೂತ ಹಿರಿಯರೊಬ್ಬರು ಅವರ ಮಾತಿನ ಧಾಟಿಯಲ್ಲೇ ನಾಲ್ಕು ಮಾತಾಡಿ ಎಲ್ಲರನ್ನೂ ನಗಿಸಿ, ಕಣ್ಣೊರೆಸಿಕೊಂಡು ಎದ್ದುಹೋದರು. ಮುದ್ರಣ ವೆಚ್ಚ ಸೊನ್ನೆ.

ಮೂರನೆಯ ಅಪವಾದ ಸ್ವತಃ ಪುನೀತ್. ಅವರು ದಾನ ಮಾಡಿದ ಎರಡು ಕಣ್ಣುಗಳಿಂದ ಬೆಂಗಳೂರಿನಲ್ಲಿ ನಾಲ್ವರಿಗೆ ದೃಷ್ಟಿ ಬಂತು. ಕಾರ್ನಿಯಾವನ್ನು ಪದರ ಬಿಡಿಸಿ ಜೋಡಿಸಲಾಯಿತು. ತಂದೆ ರಾಜ್‌ಕುಮಾರ್ 2006ರಲ್ಲಿ ಹೋದಾಗಲೂ ಕಣ್ಣುಗಳು ದಾನವಾಗಿದ್ದವು. ಅಪ್ಪು ಹೋದ ಬಳಿಕ ರಾಜ್ಯದಲ್ಲಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಆ ಅರ್ಜಿಯಲ್ಲಿ ಕಪ್ಪು ಕನ್ನಡಕದ ಫೋಟೋ ಅಂಟಿಸಲು ಜಾಗವಿಲ್ಲದಿದ್ದರೂ ಬರೆಸಿದರು ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಉಪಸಂಹಾರ

ಜಾತ್ರೆಯಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರುಮಾಡಿ ಬೆಳ್ಳಿ ಕಡಗದ ಕುಸ್ತಿವರೆಗೆ ಏರಿದ ಪೈಲ್ವಾನರು, ರಾತ್ರಿಯಿಡೀ ತತ್ವಪದ ಹಾಡುವವರು, ಕಂಪನಿ ನಾಟಕದ ಹಾಸ್ಯಪಾತ್ರಧಾರಿಗಳು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರು ಬದುಕಿರುವುದರಿಂದ ಸದರಿ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಮುಂದೆ ಬಂದಾಗ ಒಂದು ಫ್ಲೆಕ್ಸಿಗೆ ಕೊಡುವ ದುಡ್ಡನ್ನು ಈಗಲೇ ಕೊಟ್ಟರೆ ಗೆಳೆಯರ ಬಳಗ ಪೂರ್ತಿ ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಬಹುದು. ನೆಚ್ಚಿನ ನಟನನ್ನು ನೆನೆಯುವ ಮನಸ್ಸಿದ್ದವರು ಹತ್ತಿರದ ಆಸ್ಪತ್ರೆಯಲ್ಲಿ ನೇತ್ರದಾನದ ಅರ್ಜಿ ತುಂಬಿ, ಮನೆಯವರಿಗೆ ಹೇಳಿಡಿ. ಫೋಟೋ ಹಾಕಲೇಬೇಕೆಂದಿದ್ದರೆ ಸತ್ತವರದಷ್ಟೇ ಹಾಕಿ.