ಒಂದು ಎಫ್ ಹೆಚ್ಚಾಗಿ

ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವಕ್ಕೆ, ಉಮದಿ, ಸಂಖ ಕಡೆಯವರು ನಾವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಎರಡರಲ್ಲೂ ‘ಮೇಲೆ’, ‘ಒಳಗೆ’ ಎಂಬುವು ಆಕಳ ಹಿಂದೆ ಕರು ಬಂದ ಹಾಗೆ ನಾಮಪದದ ಹಿಂದೆಯೇ ಬರುತ್ತವೆ. ಇಂಗ್ಲಿಷಿನಲ್ಲಿ ಕರು ಮುಂದೆ, ಆಕಳು ಹಿಂದೆ. ಅದಕ್ಕೆ ಪ್ರಿಪೊಸಿಶನ್ ಅಂತ ಹೆಸರು. ಅದರ ಒದೆ ತಿಂದವರಲ್ಲಿ ನಾನು ಹಿರಿಯ.

ಆದರೂ ಊರವರ ಕಣ್ಣಿಗೆ ಇಂಗ್ಲಿಷ್ ಬಲ್ಲ ಮಾಸ್ತರ ನಾನೊಬ್ಬನೇ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಕಪಾಟಿನಲ್ಲಿದೆ, ಕಾಣುವಂತೆ ಇಟ್ಟಿದ್ದೇನೆ.

ತಂಗಿಯ ಮಗಳಿಗೆ ಪಾಠ ಹೇಳುತ್ತಿದ್ದೆ. “ಒಳಗಿದ್ದರ ಇನ್, ಮ್ಯಾಲಿದ್ದರ ಆನ್. ಮುಗೀತು.”

“ಹಂಗಾದ್ರ ಮಾಮಾ, ಕಾರಿಗೆ ಇನ್, ಬಸ್ಸಿಗೆ ಆನ್ ಯಾಕ? ಬಸ್ಸಿನ ಟಪ್ಪಿನ ಮ್ಯಾಲ ಕುಂತಿರತಾರೇನ?”

ಎದ್ದು ನಿಂತು ಓಡಾಡುವಷ್ಟು ಜಾಗವಿದ್ದರೆ ಆನ್, ಬಗ್ಗಿ ಕೂರಬೇಕಾದರೆ ಇನ್ ಎಂದು ಪುಸ್ತಕ ನೋಡಿ ಹೇಳಿದೆ.

“ನಮ್ಮ ವಡಾಪ್ ಜೀಪಿಗೆ?”

ಇಲ್ಲಿ ಮಾತು ನಿಂತಿತು. ಜತ್ತಕ್ಕೆ ಹೋಗುವ ವಡಾಪಿನಲ್ಲಿ ಒಳಗೆ ಹದಿನೈದು ಮಂದಿ, ಟಪ್ಪಿನ ಮೇಲೆ ನಾಲ್ವರು, ಹಿಂದಿನ ಏಣಿ ಹಿಡಿದು ಜೋತುಬಿದ್ದವರು ಇಬ್ಬರು, ಡ್ರೈವರನ ಅರ್ಧ ಮೈ ಬಾಗಿಲ ಹೊರಗೆ. ಇಂಗ್ಲಿಷಿನ ಪ್ರಿಪೊಸಿಶನ್ನುಗಳೆಲ್ಲ ಒಂದೇ ಜೀಪಿನಲ್ಲಿ ಟಿಕೆಟಿಲ್ಲದೆ ಹೊರಟಿರುತ್ತವೆ. ವ್ಯಾಕರಣ ಬರೆದವರು ವಡಾಪ್ ಹತ್ತಿರಲಿಕ್ಕಿಲ್ಲ.

ಮುಂದೆ ಮುಂಜಾನೆಗೆ ಇನ್, ರಾತ್ರಿಗೆ ಅಟ್, ಸೋಮವಾರಕ್ಕೆ ಆನ್. ಯಾಕೆ ಅಂದರೆ ಹಂಗೇ. ನಮಗೆ ಒಬ್ಬರ ಮೇಲೆ ಸಿಟ್ಟು ಬರುತ್ತದೆ, ಇಂಗ್ಲಿಷಿನವರಿಗೆ ಒಬ್ಬರ ಜೊತೆ. ನಾವು ಹುಡುಗಿಯ ಜೊತೆ ಮದುವೆಯಾಗುತ್ತೇವೆ, ಅವರು ಹುಡುಗಿಗೆ ಆಗುತ್ತಾರೆ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕರ್ನಾಟಕಕ್ಕೆ ಸೇರುತ್ತೇವೆಂಬ ಜತ್ತದ ಹಳ್ಳಿಗಳ ಹಳೆಯ ಠರಾವುಗಳ ಮಾತೆತ್ತಿದಾಗ, ನಾವು ಗಡಿಯ ಮೇಲಿದ್ದೇವೋ, ಗಡಿಯೊಳಗೋ, ಆಚೆಯೋ ಎಂದು ಟಿವಿಯವರು ವಾರಗಟ್ಟಲೆ ಕೂಗಿದರು. ಅವರಿಗೂ ಪ್ರಿಪೊಸಿಶನ್ ಸಿಗಲಿಲ್ಲ.

ಆ ಠರಾವುಗಳ ಬೇರು ನೀರು. ನನ್ನ ಅವಘಡದ ಬೇರೂ ಅದೇ. ಒಂದು ಬ್ಯಾಸಿಗಿಯಲ್ಲಿ ಬಾವಿ ಬತ್ತಿತು. ಟ್ಯಾಂಕರಿಗೆ ಅರ್ಜಿ ಬರೆಯಬೇಕಿತ್ತು. ಮರಾಠಿಯಲ್ಲಿ ಬರೆದಿದ್ದರೆ ಸಾಕಿತ್ತು. ಇಂಗ್ಲಿಷ್ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಬೇಗ ಜಾರುತ್ತದೆ ಎಂಬ ದೊಡ್ಡಸ್ತಿಕೆ ನನ್ನದು. ಟ್ಯಾಂಕರ್ ಕರೆಸಿ ಎನ್ನಲು ‘ಕಾಲ್’ ಎಂದು ಬರೆದೆ. ಮುಂದೆ ಏನು? ‘ಫಾರ್’ ಬರೆಯಲು ಹೋದವನು ತಡೆದೆ. ‘ಇನ್ ನೀಡ್ ಆಫ್’ ಅಂತಾರಲ್ಲ, ಬೇಕು ಎನ್ನುವಲ್ಲಿ ‘ಆಫ್’ ಇರಬೇಕು. ಬರೆದೆ. ಒಂದೇ ಎಫ್ ಯಾಕೋ ಬಡವಾಗಿ ಕಂಡಿತು. ಸರಕಾರಿ ಅರ್ಜಿ, ಜಿಪುಣತನ ಯಾಕೆಂದು ಇನ್ನೊಂದು ಎಫ್ ಸೇರಿಸಿ, ಪಂಚಾಯಿತಿ ಠರಾವು ಹಚ್ಚಿ ಕಳಿಸಿದೆ.

ಮೂರು ದಿನ ಟ್ಯಾಂಕರ್ ಇಲ್ಲ. ನಾಲ್ಕನೆಯ ದಿನ ಕಚೇರಿಯ ಸಾಹೇಬರ ಫೋನು ಬಂತು, ಅಚ್ಚ ಕನ್ನಡದಲ್ಲಿ.

“ಮಾಸ್ತರ, ನಿಮ್ಮೂರಾಗ ಮಳಿ ಆತೇನ್ರಿ?”

“ಎಲ್ಲೀ ಮಳಿ ಸಾಹೇಬ್ರ, ಕುಡಿಯಾಕ ಹನಿ ನೀರಿಲ್ಲ.”

“ಮತ್ತ ಠರಾವಿನ್ಯಾಗ ಟ್ಯಾಂಕರ್ ಬೇಕು ಅಂತೈತಿ, ಅರ್ಜಿಯೊಳಗ ರದ್ದ ಮಾಡ್ರಿ ಅಂತೀರಿ. ಯಾವುದ ಖರೆ?”

ಗಂಟಲು ಬಾವಿಗಿಂತ ಒಣಗಿತು.

“ನಮ್ಮವ್ವನೂ ಗುಡ್ಡಾಪುರದ ಕಡೆಯಾಕೀನ ರೀ. ಮುಂದಿನ ಸಲ ಕನ್ನಡದಾಗ ಫೋನ್ ಹಚ್ರಿ,” ಎಂದು ಇಟ್ಟರು.

ಮರುದಿನ ಟ್ಯಾಂಕರ್ ಬಂದು ಬಾವಿಗೆ ನೀರು ಸುರಿಯಿತು. ಕೊಡ ಹಿಡಿದು ನಾನೂ ಪಾಳಿ ಹಚ್ಚಿದೆ. ಪಾಳಿಗೆ ಇನ್ ಹಚ್ಚಬೇಕೋ ಆನ್ ಹಚ್ಚಬೇಕೋ ಎಂದು ಯೋಚಿಸುತ್ತ ನಿಂತುಬಿಟ್ಟಿದ್ದೆ. ಬೆನ್ನಿಗೆ ಕೊಡ ತಾಗಿತು.

“ಮುಂದ ಸರೀರಿ ಮಾಸ್ತರ!”