ಹಿತ್ತಲ ನೀರಗಂಟಿ

ಬೆಳಿಗ್ಗೆ 6ಕ್ಕೆ ಭರಮಸಾಗರದ ಯಾವ ಓಣಿಗೆ ಹೋದರೂ ಇಂಥವರೊಬ್ಬರು ಕಣ್ಣಿಗೆ ಬೀಳುತ್ತಾರೆ. ತಲೆಗೆ ಮಫ್ಲರ್, ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯ ವಾಚಿನ ಮೇಲೆ ಕಣ್ಣು. ಬ್ಯಾಂಕಿನಿಂದ ನಿವೃತ್ತರಾದವರೂ ಈ ಪಂಗಡದಲ್ಲಿ ಇದ್ದಾರೆ, ಬಸ್ ಓಡಿಸಿ ಬಂದವರೂ ಇದ್ದಾರೆ. ಆದರೆ ಅಪ್ಪಟ ಮಾದರಿ ಬೇಕೆಂದರೆ ಮೇಷ್ಟ್ರನ್ನೇ ನೋಡಬೇಕು. 34 ವರ್ಷ ಬೆಲ್ ಹೊಡೆಸಿದವರಿಗೆ ಈಗ ಬೆಲ್ಲಿಗೆ ಓಡಿಬರುವ ಮಕ್ಕಳಿಲ್ಲ. ಹಿತ್ತಲಲ್ಲಿ ಹತ್ತು ಟೊಮ್ಯಾಟೊ, ಎಂಟು ಬದನೆ, ಒಂದು ಸಾಲು ಮೆಣಸಿನಗಿಡ, ಒಂದು ಮಡಿ ಮೆಂತ್ಯ, ಕಾಕಡ, ಕರಿಬೇವು, ಮೂಲೆಗೊಂದು ನುಗ್ಗೆ ಇವೆ. ಗೈರುಹಾಜರಾಗುವ ಅಭ್ಯಾಸ ಇವಕ್ಕಿಲ್ಲ.

ಅಡುಗೆಮನೆಯ ಬಾಗಿಲ ಹಿಂದೆ ಚಾರ್ಟ್ ಅಂಟಿಸಿದೆ. ಕೆಂಪು ಶಾಯಿಯಲ್ಲಿ ವಾರ, ನೀಲಿಯಲ್ಲಿ ಗಿಡ, ಕೊನೆಗೆ ಸಹಿಗೆ ಜಾಗ. ಸಹಿ ಯಾರದು ಎಂದು ಕೇಳಬಾರದು. ಡ್ರಿಪ್ಪರ್ ತಾಸಿಗೆ 4 ಲೀಟರ್ ಬಿಡುವುದರಿಂದ ಅರ್ಧ ತಾಸಿಗೆ ಗಿಡಕ್ಕೆ 2 ಲೀಟರ್. ನುಗ್ಗೆಗೂ ಅಷ್ಟೇ, ಮೆಂತ್ಯಕ್ಕೂ ಅಷ್ಟೇ. ಮೇಷ್ಟ್ರ ಕ್ಲಾಸಿನಲ್ಲಿ ಪಕ್ಷಪಾತ ಇರಲಿಲ್ಲ.

ಈ ಗೀಳು ಹತ್ತಿದ್ದು 2021ರಲ್ಲಿ. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ ಊರಿನ ದೊಡ್ಡ ಕೆರೆಗೆ ಆ ವರ್ಷ ತುಂಗಭದ್ರೆಯ ನೀರು ಪೈಪಿನಲ್ಲಿ ಬಂತು. ಸಿರಿಗೆರೆ ಸ್ವಾಮೀಜಿಯವರು ಬೆನ್ನುಹತ್ತಿದ ಏತ ನೀರಾವರಿ ಅದು. ಒಣಗಿ ಮೈದಾನವಾಗಿದ್ದ ಕೆರೆಗೆ ಜನ ಬಂಡಿ ಕಟ್ಟಿಕೊಂಡು ಬಂದು ನೀರು ನೋಡಿ ಹೋದರು. ಬೋರ್‌ವೆಲ್‌ಗಳು ಮತ್ತೆ ಉಸಿರಾಡಿದವು. ಮಳೆಯೋ ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಬೀಳುವ ಸೀಮೆ; ನೀರಿಲ್ಲದಾಗ ಯಾರಿಗೂ ವೇಳಾಪಟ್ಟಿ ಬೇಕಿರಲಿಲ್ಲ. ನೀರು ಬಂದದ್ದೇ ತಡ, ಮೇಷ್ಟ್ರಿಗೆ ಅದನ್ನು ಹದ್ದುಬಸ್ತಿನಲ್ಲಿ ಇಡುವ ಹೊಣೆ ಬಂತು. ಹಿಂದೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಎಂದು ನೋಡಿ ನೀರು ಬಿಡಲು ನೀರಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಆಯ ಸಲ್ಲುತ್ತಿತ್ತು. ಮೇಷ್ಟ್ರಿಗೆ ಸಲ್ಲುವುದು ಎರಡನೇ ಕಾಫಿ, ಅದೂ ಸಕ್ಕರೆ ಇಲ್ಲದ್ದು.

ಎಡವಟ್ಟಾದದ್ದು ಮಣ್ಣಿನಲ್ಲಿ. ಕೆರೆ ಒಣಗಿದ್ದ ಕಾಲದಲ್ಲಿ ಎಲ್ಲರಂತೆ ಮೇಷ್ಟ್ರೂ ಒಂದು ಟ್ರ್ಯಾಕ್ಟರ್ ಕೆರೆಗೋಡು ಹೊಡೆಸಿ ಅರ್ಧ ಹಿತ್ತಲಿಗೆ ಹರಡಿದ್ದರು. ಉಳಿದರ್ಧ ಹಳೆಯ ಕೆಂಪು ಗರಸು. ಕೆರೆಗೋಡು ನೀರು ಕುಡಿದರೆ ಮೂರು ನಾಲ್ಕು ದಿನ ಬಿಡುವುದಿಲ್ಲ, ಹುಣಸೆಹಣ್ಣು ಹಿಂಡಿದ ಹಾಗೆ ಕೈಗೆ ಮೆತ್ತುತ್ತದೆ. ಗರಸು ಮಧ್ಯಾಹ್ನದೊಳಗೇ ಮರೆತುಬಿಡುತ್ತದೆ. ಚಾರ್ಟಿಗೆ ಈ ಭೇದ ಇಲ್ಲ. ಗೋಡಿನ ಮೇಲಿನ ಮೆಂತ್ಯ ಬುಡ ಕೊಳೆತು ಮಲಗಿತು, ಗರಸಿನ ಮೆಣಸಿನಗಿಡ ಜೋಲುಮೋರೆ ಹಾಕಿತು. ನೀರು ಹೆಚ್ಚಾದ ನುಗ್ಗೆ ಮಾತ್ರ ಎಲೆ ಬಿಟ್ಟು ಸೊಕ್ಕಿ, ಹೂ ಬಿಡುವುದನ್ನೇ ಮರೆಯಿತು. ಸಂಜೆ ಪೈಪಿನಲ್ಲಿ ಮೈತೊಳೆಸುವುದು ಬೇರೆ. ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದು ಟೊಮ್ಯಾಟೊಗೆ ಅಂಗಮಾರಿ ಹತ್ತಿತು. ಫಲಿತಾಂಶ ಕುಸಿದದ್ದಕ್ಕೆ ಮೇಷ್ಟ್ರು ಗೊಬ್ಬರವನ್ನು ಬೈದರು.

"ಮೇಷ್ಟ್ರೆ, ಎರಡು ಬೆರಳು ಮಣ್ಣಾಗೆ ಇಳಿಸಿ ನೋಡ್ರಿ. ತಂಪೈತೆ ಅಂದ್ರೆ ಬಿಡಬ್ಯಾಡ್ರಿ," ಎಂದ ಪಕ್ಕದ ಅಡಿಕೆ ತೋಟದವನು. ಮೇಷ್ಟ್ರು ನಕ್ಕರು. ಬೆರಳಿಗೆ ಗಡಿಯಾರ ಇಲ್ಲವಲ್ಲ.

ಅವನ ಮಾತಿಗೆ ಲೆಕ್ಕವೂ ಇದೆ, ಲೆಕ್ಕದ ಮೇಷ್ಟ್ರಿಗೇ ಅದು ಕಾಣಲಿಲ್ಲ. 1 ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. ಏಪ್ರಿಲ್ ಬಿಸಿಲಿಗೆ ಮಣ್ಣು, ಗಿಡ ಎರಡೂ ಸೇರಿ ದಿನಕ್ಕೆ ಐದಾರು ಮಿಲಿಮೀಟರ್ ಆರಿಹೋಗುತ್ತದೆ, ಡಿಸೆಂಬರಿನಲ್ಲಿ ಅಷ್ಟಿಲ್ಲ. ಉತ್ತರೆ ಮಳೆ ಒಂದು ಸಂಜೆ 20 ಮಿಲಿಮೀಟರ್ ಹೊಡೆದರೆ ಮೂರ್ನಾಲ್ಕು ದಿನ ಪೈಪು ಮುಟ್ಟುವ ಕೆಲಸವೇ ಇಲ್ಲ. ಚಾರ್ಟಿನಲ್ಲಿ ಏಪ್ರಿಲ್ಲೂ ಡಿಸೆಂಬರೂ ಒಂದೇ.

ಆಮೇಲೆ ಟೈಮರ್ ಬಂತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದುಂಡನೆಯ ಮುಖ, ಸುತ್ತ 96 ಪುಟ್ಟ ಹಲ್ಲು, ಹಲ್ಲಿಗೆ 15 ನಿಮಿಷ. 6ರ ಹತ್ತಿರದ ಎರಡು ಹಲ್ಲು ಒತ್ತಿಟ್ಟು ಮೇಷ್ಟ್ರು ಮಗಳ ಮನೆಗೆಂದು ದಾವಣಗೆರೆಗೆ ಹೋದರು. ಈ ಜಾತಿಯ ಟೈಮರಿಗೆ ಬ್ಯಾಟರಿ ಇಲ್ಲ. ಕರೆಂಟು ಹೋದರೆ ಮುಳ್ಳೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ಆ ವಾರ ಲೈನ್ ರಿಪೇರಿ. ಸೋಮವಾರ ಎರಡು ತಾಸು, ಬುಧವಾರ ಮೂರೂವರೆ. ಗುರುವಾರ ನೆತ್ತಿ ಸುಡುವ 11:30ಕ್ಕೆ ಸರಿಯಾಗಿ ಹಿತ್ತಲಲ್ಲಿ ನೀರು ಚಿಮ್ಮಿತು. ಎದುರುಮನೆಯ ಹುಡುಗ ಲೆಕ್ಕ ಹಾಕಿ ಮೇಷ್ಟ್ರ ಹೆಂಡತಿಗೆ ಹೇಳಿದ: "ಅಮ್ಮಾರೆ, ಐದೂವರೆ ತಾಸು ಹಿಂದೈತೆ. ನಿಮ್ಮ ಬದನೆಕಾಯಿ ಲಂಡನ್ ಟೈಮಿಗೆ ಹೋಗೈತೆ!"

ಅಮ್ಮಾರು ಪ್ಲಗ್ಗು ಕಿತ್ತು ಡಬ್ಬದೊಳಗಿಟ್ಟರು. ಅವರದು ಬೇರೆಯೇ ಆಡಳಿತ. ಅಕ್ಕಿ ತೊಳೆದ ನೀರು ಕರಿಬೇವಿಗೆ, ತರಕಾರಿ ತೊಳೆದದ್ದು ಬದನೆಗೆ. ಗರಸಿನ ಕಡೆಗೆ ದಿನಾ ಬೆಳಿಗ್ಗೆ ಎರಡು ಕೊಡ, ಗೋಡಿನ ಕಡೆಗೆ ಎಲೆ ಬಾಡಿದರೆ ಮಾತ್ರ. ಮೆಣಸಿನ ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿದ್ದೂ ಅವರೇ. ಮೇಷ್ಟ್ರು ವಾಪಸು ಬಂದಾಗ ಮೆಣಸಿನಗಿಡ ತಲೆ ಎತ್ತಿ ನಿಂತಿತ್ತು. ಟೈಮರಿನ ಪ್ರಭಾವ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದರು.

ಡಬ್ಬದಲ್ಲಿ ಟೈಮರ್ ಸಿಕ್ಕ ದಿನ ಚಾರ್ಟಿಗೆ ಏಳನೇ ತಿದ್ದುಪಡಿ ಆಯಿತು. ಹೊಸ ಕಾಲಂ: "ಅಕ್ಕಿ ತೊಳೆದ ನೀರು, ಬೆ. 6:15."

"ರೀ, 6:15ಕ್ಕೆ ಯಾರು ಅನ್ನಕ್ಕಿಡ್ತಾರೆ?" ಎಂದರು ಅಮ್ಮಾರು.

ಅನ್ನಕ್ಕಿಡುವುದು 11ಕ್ಕೆ. ಪರೀಕ್ಷೆಯಲ್ಲಿ ಯಾರಿಗೂ ಅರ್ಧ ಅಂಕ ಸುಳ್ಳು ಹಾಕದ ಮೇಷ್ಟ್ರು ದಿನಾ 11:10ಕ್ಕೆ ಕನ್ನಡಕ ಏರಿಸಿ, ಬಾಗಿಲ ಹಿಂದೆ ಸರಿದು, 6:15ರ ಕಾಲಂಗೆ ಒಂದು ರೈಟು ಹಾಕಿ ಬರುತ್ತಾರೆ.