ಜೋಪಾನದ ಮೇಷ್ಟ್ರು

ಪ್ರತಿಭಾ ಕಾರಂಜಿ ಮುಗಿದು, ಗೆದ್ದವರು ಸೋತವರೆನ್ನದೆ ಭಾಗವಹಿಸಿದ ಮಕ್ಕಳಿಗೆಲ್ಲ ಒಂದು ಸಂತೋಷಕೂಟ ಮಾಡೋಣ ಎಂಬ ಮಾತು ಬಂದ ಕೂಡಲೇ ಸ್ಟಾಫ್ ರೂಮಿನ ಮೂಲೆಯಿಂದ ಎದ್ದು ನಿಲ್ಲುವವರೇ ಜೋಪಾನದ ಮೇಷ್ಟ್ರು. ಕೊರಳಲ್ಲಿ ಸೀಟಿ, ಅಂಗಿ ಜೇಬಿನಲ್ಲಿ ಮಕ್ಕಳ ಪಟ್ಟಿ, ಪ್ಯಾಂಟಿನ ಜೇಬಿನಲ್ಲಿ ಓಆರ್‌ಎಸ್ ಪೊಟ್ಟಣ ಕಂಡರೆ ಗುರುತು ಖಚಿತ.

1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯೂ ಚಿತ್ರದುರ್ಗದಿಂದ ಜಗಳೂರೂ ಬಂದು ದಾವಣಗೆರೆ ಜಿಲ್ಲೆಯಾದ್ದರಿಂದ ಇಂಥ ಮೇಷ್ಟ್ರುಗಳ ನೀರಿನ ಭಯ, ಬಿಸಿಲಿನ ಭಯ ಎರಡೂ ಒಂದೇ ಜಿಲ್ಲೆಯಲ್ಲಿವೆ. ಹೊನ್ನಾಳಿಯ ಮೇಷ್ಟ್ರು ತುಂಗಭದ್ರೆ ಎರಡು ಮೈಲಿ ಆಚೆಗಿದ್ದರೂ ಶಾಲೆಯ ಗೇಟಿಗೆ ಬೀಗ ಹಾಕಿಸುತ್ತಾರೆ. ಚನ್ನಗಿರಿಯವರು ಸೂಳೆಕೆರೆ ಏರಿಯ ಮೇಲೆ ಊಟ ಎಂದವರನ್ನು ಕಣ್ಣಲ್ಲೇ ಸುಡುತ್ತಾರೆ. ಜಗಳೂರಿನವರಿಗೆ ಮುಳುಗಿಸುವಷ್ಟು ನೀರು ಸಿಕ್ಕರೆ ತಾನೇ. ಅವರು ಶಾಮಿಯಾನದ ನೆರಳು ಎಲ್ಲಿಯವರೆಗೆ ಬರುತ್ತದೆಂದು ಹೆಜ್ಜೆ ಹಾಕಿ ಅಳೆಯುತ್ತಾರೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯವರು ಹಳೆಯ ತಾಲ್ಲೂಕಿನ ಭಯದಲ್ಲೂ ಪಾಲು ತಂದುಕೊಂಡಿದ್ದಾರೆ.

ಗ್ಯಾಸ್ ಬಲೂನು ಸಿಡಿಯುತ್ತದೆ, ಬೇಡ. ಮೇಣದಬತ್ತಿಯೂ ಬೇಡ, ನೃತ್ಯದ ಪಾಲಿಯೆಸ್ಟರ್ ಲಂಗಕ್ಕೆ ಒಂದು ಕಿಡಿ ಸಾಕು. ನಗುವವರು ನಗಲಿ, ಈ ಎರಡು ಮಾತು ಸರಿಯೇ. ಆದರೆ ಛದ್ಮವೇಷದ ಒನಕೆ ಓಬವ್ವನ ಕೈಯಿಂದ ರಟ್ಟಿನ ಒನಕೆಯನ್ನೂ ಕಿತ್ತೂರು ಚೆನ್ನಮ್ಮನ ಕೈಯಿಂದ ರಟ್ಟಿನ ಕತ್ತಿಯನ್ನೂ ಕಸಿದು ಬೀರುವಿನಲ್ಲಿಡುವುದು, ಕೇಕನ್ನು ಮರದ ಸ್ಕೇಲಿನಿಂದ ಕತ್ತರಿಸುವುದು ಸ್ವಲ್ಪ ಅತಿಯಾಯಿತು.

ಎಣಿಕೆ ಅರ್ಧ ಗಂಟೆಗೊಮ್ಮೆ. ಪಟ್ಟಿಯಲ್ಲಿ ನಲವತ್ತೊಂದು, ಸಾಲಿನಲ್ಲಿ ನಲವತ್ತು. ಸೀಟಿ ಊದಿ, ಹಾಡು ನಿಲ್ಲಿಸಿ ಮತ್ತೆ ಎಣಿಸಿದರೆ ನಲವತ್ತೆರಡು: ತಪ್ಪಿಸಿಕೊಂಡವನು ಬಚ್ಚಲಿನಿಂದ ಬಂದಿದ್ದ, ಅಡುಗೆಯವರ ಮಗನೂ ಸಾಲಿಗೆ ಸೇರಿದ್ದ. ಅಷ್ಟರಲ್ಲಿ ಮಂಡಕ್ಕಿ ಮೆತ್ತಗಾಗಿತ್ತು.

ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬುದು ಬಿಸಿಯೂಟದ ನಿಯಮ. ಮೇಷ್ಟ್ರು ಅದನ್ನು ಮೆಣಸಿನಕಾಯಿ ಬಜ್ಜಿಗೂ ಅನ್ವಯಿಸುತ್ತಾರೆ. ಒಂದು ಒಬ್ಬೆ ಸರಿಯಿದ್ದರೆ ಮುಂದಿನದೂ ಸರಿಯಿರಬೇಕೆಂದೇನಿದೆ? ಏಳು ಒಬ್ಬೆ, ಒಬ್ಬೆಗೆ ಎರಡು.

ಕತ್ತಲಾಗುವುದರೊಳಗೆ ಪೋಷಕರ ಸಹಿ ಪಡೆದು ಮಕ್ಕಳನ್ನೆಲ್ಲ ಕಳಿಸಿದ್ದಾಯಿತು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಹಾಜರಿ ಪುಸ್ತಕದಲ್ಲಿ ಮೇಷ್ಟ್ರ ಹೆಸರಿನ ಮುಂದೆ ಸಿ.ಎಲ್. ಎಂದಿತ್ತು, ಓಆರ್‌ಎಸ್ ಪೊಟ್ಟಣವೂ ಖರ್ಚಾಗಿತ್ತು.